ಆಲಿಕಲ್ಲಿನ ಸುದ್ದಿ ಹಿಡಿದು ಬಸವಕಲ್ಯಾಣಕ್ಕೆ

ಗುಲಬರ್ಗಾದಿಂದ ಹುಮನಾಬಾದಿಗೆ ಎಂಟು ಗಂಟೆಗೆ ಹೊರಡಬೇಕಿದ್ದ ಬಸ್ಸು ಒಂಬತ್ತಕ್ಕೆ ಹೊರಟಿತು. ಸುಮಾರು ಅರವತ್ತು ಕಿಲೋಮೀಟರಿನ ದಾರಿ, ಟಿಕೆಟ್ಟು ನಾಲ್ಕು ರೂಪಾಯಿ ಚಿಲ್ಲರೆ. ಎಪ್ಪತ್ತರ ದಶಕದ ಒಂದು ಫೆಬ್ರವರಿ, ಮಂಗಳವಾರ. ನಾನು ದಾವಣಗೆರೆ ಕಡೆಯವನು. ಗುಲಬರ್ಗಾದ ಒಂದು ಸಣ್ಣ ಪೇಟೆ ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ನಾಲ್ಕೇ ಪುಟದ ವಾರಪತ್ರಿಕೆ. ಬುಧವಾರ ಸಂಜೆ ಅಚ್ಚಾಗಿ ಗುರುವಾರ ಬೆಳಿಗ್ಗೆ ಹೊರಬರುತ್ತಿತ್ತು. ಜೋಳ, ತೊಗರಿ, ಕುಸುಬೆ, ಅಗಸೆಗಳ ಧಾರಣೆ, ಎಲ್ಲಿ ಮಳೆಯಾಯಿತು, ಬೆಳೆ ಹೇಗಿದೆ ಎಂಬ ವರದಿ ಬಿಟ್ಟರೆ ಅದರಲ್ಲಿ ಬೇರೇನೂ ಇರುತ್ತಿರಲಿಲ್ಲ. ಆದರೂ ಗಂಜ್ ಎನ್ನುವ ಧಾನ್ಯದ ಸಗಟು ಪೇಟೆಯ ಅಡತಿ, ಅಂದರೆ ದಲ್ಲಾಳಿ ಅಂಗಡಿಗಳಲ್ಲೂ ಎಣ್ಣೆ ಗಿರಣಿಗಳಲ್ಲೂ ಅದನ್ನು ಚಹಾಕ್ಕಿಂತ ಮೊದಲು ಓದುತ್ತಿದ್ದರು.

ನಾನು ಹೊರಡಲು ಕಾರಣ ರೇಡಿಯೋದಲ್ಲಿ ಬಂದ ಒಂದು ವಾಕ್ಯ. ಭಾನುವಾರ ಸಂಜೆಯ ವಾರ್ತೆಯಲ್ಲಿ ಬೀದರ ಜಿಲ್ಲೆಯ ಹುಮನಾಬಾದ ಭಾಗದಲ್ಲಿ ಆಲಿಕಲ್ಲು ಮಳೆಯಾಗಿ ಹಿಂಗಾರಿ ಬೆಳೆಗೆ ಹಾನಿಯಾಗಿದೆ ಎಂದರು. ಎಷ್ಟು ಹಾನಿ, ಯಾವ ಬೆಳೆಗೆ ಎಂದು ಹೇಳಲಿಲ್ಲ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಗಂಜಿನಲ್ಲಿ ಎಣ್ಣೆಕಾಳಾದ ಕುಸುಬೆಯ ಧಾರಣೆ ಏರಿತ್ತು. ಸಂಜೆ ನಮ್ಮ ಮನೆಯೊಡತಿ ಬಾಟಲಿ ಹಿಡಿದು ಕಿರಾಣಿ ಅಂಗಡಿಗೆ ಹೋದವರು ಬೈಯುತ್ತಾ ಬಂದರು. ಎಲ್ಲೋ ಮಳೆ ಬಿದ್ದರೆ ಡಬ್ಬಿಯೊಳಗಿದ್ದ ಎಣ್ಣೆ ಯಾಕೆ ತುಟ್ಟಿಯಾಗಬೇಕು ಎಂಬುದು ಅವರ ಪ್ರಶ್ನೆ.

ನಮ್ಮ ಸಂಪಾದಕರು ಆ ಭಾಗದವರೇ, ವಯಸ್ಸಾದವರು. ಸೋಮವಾರ ರಾತ್ರಿ ಕಚೇರಿ ಮುಚ್ಚುವಾಗ ನನ್ನನ್ನು ಕರೆದು, "ಎಲ್ಲಾರೂ ಮಾತಾಡಾಕತ್ತಾರ, ಒಬ್ಬನೂ ನೋಡಿಲ್ಲ. ನೀ ಹೋಗಿ ನೋಡಿ ತಂತಿ ಕಳಿಸು" ಎಂದರು. ನನ್ನನ್ನು ಒಬ್ಬನೇ ಎಲ್ಲಿಗಾದರೂ ಕಳಿಸಿದ್ದು ಅದೇ ಮೊದಲು. ನನಗೆ ಹಿಗ್ಗು.

ಕಮಲಾಪುರದಲ್ಲಿ ಬಸ್ಸು ನಿಂತಾಗ ಕೆಂಪು ಬಾಳೆಹಣ್ಣು ಕೊಂಡು ತಿಂದೆ. ಅಲ್ಲಿಯವರೆಗೆ ಹೊಲಗಳಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ಹುಮನಾಬಾದ ಹತ್ತಿರವಾದಂತೆ ನೋಟ ಬದಲಾಯಿತು. ಬೇವಿನ ಮರಗಳು ಬೋಳಾಗಿದ್ದವು. ರಸ್ತೆಯ ಎರಡೂ ಬದಿಗೆ ಜೋಳ ಮಲಗಿತ್ತು.

ಸಂಪಾದಕರು ಹುಮನಾಬಾದಿನ ಒಬ್ಬ ಅಡತಿ ವ್ಯಾಪಾರಿಗೆ ಚೀಟಿ ಕೊಟ್ಟಿದ್ದರು. ಅವರು ನನ್ನನ್ನು ಹಿಂದೆ ಚೀಲಗಳನ್ನು ಒಟ್ಟಿದ್ದ ಅಂಗಡಿಯಲ್ಲಿ ಕೂರಿಸಿ ಒಗ್ಗರಣೆ ಮಂಡಕ್ಕಿಯ ಸುಸಲಾ, ಮಿರ್ಚಿ ಕೊಡಿಸಿ, ತಮ್ಮ ಜೀಪಿನಲ್ಲೇ ಚಿಟಗುಪ್ಪದ ರಸ್ತೆಗೆ ಕರೆದೊಯ್ದರು. ಐದಾರು ಕಡೆ ಇಳಿಸಿ ತೋರಿಸಿದರು. ಒಣಗಿ ಕೊಯ್ಲಿಗೆ ಬಂದಿದ್ದ ಕುಸುಬೆ ಗಿಡಗಳು ಮುರಿದು ಬಿದ್ದಿದ್ದವು. ಒಡೆದ ತೆನೆಗಳಿಂದ ಉದುರಿದ ಬಿಳಿ ಕಾಳು ಎರೆಮಣ್ಣಿನ ಕೆಸರಿನಲ್ಲಿ ಸೇರಿಹೋಗಿತ್ತು. ಒಂದು ಹೊಲದ ಬದುವಿನ ಮೇಲೆ ಗಂಡ ಹೆಂಡತಿ ಕುಳಿತು ಮಣ್ಣಿನಿಂದ ಕಾಳು ಆರಿಸಿ ಮೊರಕ್ಕೆ ಹಾಕುತ್ತಿದ್ದರು. ನಮ್ಮನ್ನು ಕಂಡರೂ ಏಳಲಿಲ್ಲ.

"ನೋಡ್ರಿ, ಪೂರಾ ನುಕ್ಸಾನ. ಕಲ್ಯಾಣದ ತನಕ ಹಿಂಗs ಅದ" ಎಂದರು ವ್ಯಾಪಾರಿ.

ನಾನು ನಂಬಿದೆ. ಕಣ್ಣಾರೆ ಕಂಡಿದ್ದೆನಲ್ಲ! ನಾಲ್ಕು ಗಂಟೆಗೆ ಹುಮನಾಬಾದಿನ ಅಂಚೆ ಕಚೇರಿಗೆ ಹೋಗಿ ತಂತಿ ಬರೆದೆ: "ಹುಮನಾಬಾದ, ಕಲ್ಯಾಣ ಭಾಗದಲ್ಲಿ ಕುಸುಬೆ ಬಹುತೇಕ ನಾಶ." ಕಲ್ಯಾಣವನ್ನು, ಅಂದರೆ ಬಸವಕಲ್ಯಾಣವನ್ನು, ನಾನು ನೋಡಿರಲಿಲ್ಲ. ಆ ಹೆಸರು ಬರೆಯುವಾಗ ಪೆನ್ನು ಒಂದು ಕ್ಷಣ ನಿಂತದ್ದು ಈಗಲೂ ನೆನಪಿದೆ. ನಾಳೆ ಹೇಗೂ ನೋಡುತ್ತೇನಲ್ಲ ಎಂದುಕೊಂಡು ಬರೆದುಬಿಟ್ಟೆ. ಸಂಜೆ ಊರಾಚೆಯ ಮಾಣಿಕನಗರದ ದೇವಸ್ಥಾನದವರೆಗೆ ನಡೆದು ಹೋಗಿ ಅಲ್ಲಿಯೇ ಊಟ ಮಾಡಿದೆ. ಕೆಲಸ ಮುಗಿಸಿದವನ ನೆಮ್ಮದಿಯಿಂದ ಬಂದು ಮಲಗಿದೆ.

ಬುಧವಾರ ಬೆಳಗಾಗುವ ಮೊದಲೇ ಕಲ್ಯಾಣದ ಮೊದಲ ಬಸ್ಸು ಹತ್ತಿದೆ. ಊರ ಹೊರಗೆ ಕೈ ಮಾಡಿ ನಿಲ್ಲಿಸಿ ಎಂಟು ಜನ ಹೆಂಗಸರು ಹತ್ತಿದರು. ಕೈಯಲ್ಲಿ ಕುಡಗೋಲು, ತಲೆಗೆ ಗೋಣಿತಟ್ಟು, ಮೊಣಕೈವರೆಗೆ ಹಳೆಯ ಬಟ್ಟೆ ಸುತ್ತಿಕೊಂಡಿದ್ದರು. ಮುಂದಾಳಿನಂತಿದ್ದವಳು ನನ್ನ ಪಕ್ಕದ ಸೀಟಿನಲ್ಲಿ ಕುಳಿತಳು. ಐವತ್ತು ದಾಟಿರಬಹುದು. ಹೆಸರು ತಾರಾಬಾಯಿ ಎಂದು ಆಮೇಲೆ ತಿಳಿಯಿತು. ಇಷ್ಟು ಚಳಿಯಲ್ಲಿ ಎಲ್ಲಿಗೆ ಹೊರಟಿರಿ ಎಂದು ಕೇಳಿದೆ.

"ಕುಸುಬಿ ಕೊಯ್ಲಾಕ ಹೊಂಟೀವ್ರಿ."

"ಕುಸುಬೆ ಎಲ್ಲಿ ಉಳಿದಿದೆ? ಎಲ್ಲಾ ಹೋಯಿತಲ್ಲ!"

"ನಮ್ಮ ಕಡಿ ಹೋಗ್ಯಾದ್ರಿ, ಸುಳ್ಳಲ್ಲ. ಅದಕ್ಕs ಆ ಕಡಿ ಹೊಂಟೀವಿ. ರಾಜೇಶ್ವರ ದಾಟಿದ್ರ ಒಂದು ಆಣಿಕಲ್ಲ ಬಿದ್ದಿಲ್ರಿ. ಅಲ್ಲಿ ಆಳು ಸಾಲವಲ್ದು ಅಂತ ಖಬರ್ ಕಳಿಸ್ಯಾರ. ಪೀಕs ಹೋಗಿದ್ರ ನಮ್ಮನ್ನ ಯಾರ್ ಕರೀತಾರ್ರಿ?"

ನಾನು ಕಿಟಕಿಗೆ ಮುಖ ಒತ್ತಿ ನೋಡಿದೆ. ಹೊರಗೆ ಇನ್ನೂ ಕತ್ತಲೆ; ಏನೂ ಕಾಣುತ್ತಿರಲಿಲ್ಲ. ನಾನು ಯಾರು, ಏನು ತಂತಿ ಕಳಿಸಿದ್ದೇನೆ ಎಂಬುದನ್ನೆಲ್ಲ ಅವಳಿಗೆ ಹೇಳಿಬಿಟ್ಟೆ. ಅವಳು ಪೂರ್ತಿ ಕೇಳಿ, "ಹಂಗಾರ ನಮ್ಮ ಜೋಡಿ ಇಳೀರಿ" ಎಂದಳು.

ರಾಜೇಶ್ವರ ದಾಟಿ ಮೂರು ಮೈಲಿಯಾದ ಮೇಲೆ ಇಳಿದೆವು. ಬಂಡಿಜಾಡಿನಲ್ಲಿ ಅರ್ಧ ಮೈಲಿ ನಡೆದಾಗ ಬೆಳಕು ಹರಿಯಿತು. ಮುಂದೆ ಕುಸುಬೆಯ ದೊಡ್ಡ ಹೊಲ, ಇಬ್ಬನಿಯಲ್ಲಿ ನೆನೆದು ನಿಂತಿತ್ತು. ಒಂದು ಗಿಡವೂ ಮುರಿದಿರಲಿಲ್ಲ. ಬಿಸಿಲೇರಿದರೆ ಕುಸುಬೆಯ ಮುಳ್ಳು ಸೂಜಿಯಂತೆ ಗಟ್ಟಿಯಾಗುತ್ತದೆ, ಆದ್ದರಿಂದ ಇಬ್ಬನಿ ಇರುವಾಗಲೇ ಕೊಯ್ಯಬೇಕು. ಹೆಂಗಸರು ಕೂಡಲೇ ಸಾಲು ಹಿಡಿದರು. ಹೊಲದ ಯಜಮಾನ ಶಂಕರೆಪ್ಪ ಎಂಬ ಎತ್ತರದ ಮನುಷ್ಯ. ಅವರನ್ನು ಕೂಗಿ ತಾರಾಬಾಯಿ ನನ್ನ ಕಥೆಯನ್ನು ನಾಲ್ಕೇ ಮಾತಿನಲ್ಲಿ ಹೇಳಿದಳು.

ಶಂಕರೆಪ್ಪನವರ ಮುಖ ಗಂಭೀರವಾಯಿತು. ಧಾರಣೆ ಏರಿದರೆ ನಿಮಗೆ ಒಳ್ಳೆಯದೇ ಅಲ್ಲವೇ ಎಂದು ನಾನು ಮೆಲ್ಲಗೆ ಕೇಳಿದೆ.

"ಹ್ಯಾಂಗ್ರಿ ಒಳ್ಳೇದು? ಈಗ ಏರಿದ್ರ ಹ್ವಾದ ವರ್ಷದ ಮಾಲು ಗುದಾಮಿನ್ಯಾಗ ಇಟ್ಟವ್ರು ಮಾರ್ತಾರ. ನಂದು ಇನ್ನಾ ಇಲ್ಲೇ ನಿಂತದ. ನಾ ಇದನ್ನ ಬಡಿದು, ತೂರಿ, ಗಾಡಿ ಹೂಡಿ ಗಂಜಿಗಿ ಒಯ್ಯಾದ್ರಾಗ ಖರೇ ಸುದ್ದಿ ಹೊರಗ ಬೀಳ್ತದ. ಆವಾಗ ಧಾರಣಿ ಧೊಪ್ ಅಂತ ಬೀಳ್ತದ. ಬೀಳೂದು ನಮ್ಮ ಮ್ಯಾಲs."

ಆರು ತಿಂಗಳಿಂದ ದಿನವೂ ಧಾರಣೆ ಬರೆದುಕೊಳ್ಳುತ್ತಿದ್ದ ನನಗೆ ಇದನ್ನು ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ. ನಿನ್ನೆಯ ವ್ಯಾಪಾರಿಯ ಅಂಗಡಿಯ ಹಿಂದೆ ಮಾಡಿನವರೆಗೆ ಒಟ್ಟಿದ್ದ ಕುಸುಬೆಯ ಚೀಲಗಳು ಕಣ್ಣ ಮುಂದೆ ಬಂದವು. ಅವರು ತೋರಿಸಿದ ಹೊಲಗಳು ಸುಳ್ಳಾಗಿರಲಿಲ್ಲ. ತೋರಿಸದ ಹೊಲಗಳನ್ನು ನಾನೇ ಕೇಳಿರಲಿಲ್ಲ.

ತಕ್ಷಣ ಕಲ್ಯಾಣಕ್ಕೆ ಹೋಗಿ ಎರಡನೆಯ ತಂತಿ ಕಳಿಸುತ್ತೇನೆ ಎಂದು ಹೊರಟೆ. ತಾರಾಬಾಯಿ ಕುಡಗೋಲು ನಿಲ್ಲಿಸಿ ತಲೆ ಎತ್ತಿದಳು. "ತಡೀರಿ. ನಿನ್ನಿ ಒಂದು ಕಡಿ ನೋಡಿ ಬರದ್ರಿ. ಇವತ್ತ ಇದೊಂದs ಹೊಲಾ ನೋಡಿ ಬರದ್ರ ಇದೂ ಹಂಗs ಆತಲ್ರಿ."

ಉಳಿದ ಹೆಂಗಸರು ನಕ್ಕರು. ನನಗೂ ನಗು ಬಂತು, ನಾಚಿಕೆಯೂ ಆಯಿತು. ಶಂಕರೆಪ್ಪನವರು ಗುರುತು ಪರಿಚಯವಿಲ್ಲದ ನನಗೆ ತಮ್ಮ ಸೈಕಲ್ಲು ಕೊಟ್ಟು, ಯಾವ ಯಾವ ಹಳ್ಳಿಯ ಮೇಲೆ ಹೋದರೆ ಕಲ್ಯಾಣ ಮುಟ್ಟಬಹುದು ಎಂದು ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದರು. ಎರಡು ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಟ್ಟರು.

ಆ ದಿನ ನಾನು ನಾಲ್ಕು ಹಳ್ಳಿ ತಿರುಗಿದೆ. ಪ್ರತಿಯೊಂದು ಊರಿನಲ್ಲೂ ಆಲಿಕಲ್ಲು ಬಿತ್ತೇ ಎಂದು ಮೊದಲು ಕೇಳಿ, ಆಮೇಲೆ ಹೊಲಕ್ಕೆ ಇಳಿದು ನೋಡಿದೆ. ಮೂರು ಊರಿನಲ್ಲಿ ಬರೀ ಮಳೆ. ಎರಡನೆಯ ಊರಿನಲ್ಲಿ ಮಾತ್ರ ಬಿದ್ದಿತ್ತು. ಅಲ್ಲಿ ಒಬ್ಬ ಮುದುಕ ನನ್ನನ್ನು ಕೈ ಹಿಡಿದು ಕರೆದೊಯ್ದು ಒಂದೇ ಹೊಲದ ನಡುವೆ ನಿಲ್ಲಿಸಿದ. ಬಲಗಡೆ ಗಿಡಗಳು ನೆಲಕ್ಕೆ ಹಾಸಿದ್ದವು. ಎಡಗಡೆ ಎದೆಯೆತ್ತರ ನಿಂತಿದ್ದವು. ನಡುವೆ ಹತ್ತು ಹೆಜ್ಜೆಯ ಅಂತರವೂ ಇರಲಿಲ್ಲ. "ಆಣಿಕಲ್ಲ ಇಲ್ಲಿಗಿ ಬಂದು ನಿಂತದ ನೋಡ್ರಿ, ಯಾರೋ ಸಾಕು ಅಂದಂಗ" ಎಂದ. ಅರ್ಧ ಬೆಳೆ ಹೋದ ಆ ಮನುಷ್ಯ ಉಳಿದ ಅರ್ಧದ ಕಡೆ ಮುಖ ಮಾಡಿ ನಿಂತು ಮಾತಾಡುತ್ತಿದ್ದ.

ನಾಲ್ಕನೆಯ ಊರು ಬಿಟ್ಟ ಸ್ವಲ್ಪ ಹೊತ್ತಿಗೆ ಕುಸುಬೆಯ ಮುಳ್ಳು ಚುಚ್ಚಿ ಹಿಂದಿನ ಗಾಲಿಯ ಗಾಳಿ ಹೋಯಿತು. ಮೂರು ಗಂಟೆಯ ಬಿಸಿಲು, ಕಲ್ಯಾಣ ಇನ್ನೂ ಐದು ಮೈಲಿ. ಸೈಕಲ್ಲು ತಳ್ಳಿಕೊಂಡು ಓಡುವಂತೆ ನಡೆದೆ. ಗುಲಬರ್ಗಾದಲ್ಲಿ ಏಳಕ್ಕೆ ಮಶೀನು ಶುರುವಾಗುತ್ತದೆ. ಮೊದಲ ಪುಟದಲ್ಲಿ ನನ್ನ ನಿನ್ನೆಯ ತಂತಿ ಇರುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ಕಲ್ಯಾಣದ ಕೋಟೆಯ ಬುರುಜು ಕಂಡಾಗ ನಡಿಗೆಯನ್ನು ಇನ್ನೂ ಬಿರುಸು ಮಾಡಿದೆ.

ಅಂಚೆ ಕಚೇರಿ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷ. ಪೋಸ್ಟ್ ಮಾಸ್ತರರು ಬೀಗ ಹಿಡಿದು ನಿಂತಿದ್ದರು. ನನ್ನ ಅವಸ್ಥೆ ನೋಡಿ ಬೀಗವನ್ನು ಮೇಜಿನ ಮೇಲಿಟ್ಟು, "ಮೊದ್ಲ ನೀರ್ ಕುಡೀರಿ" ಎಂದು ತಂಬಿಗೆ ಕೊಟ್ಟರು. ನಾನು ಬರೆದೆ: "ಹೆಚ್ಚಿನ ವಿವರ ಬಂದಂತೆ ಕಲ್ಯಾಣ ಭಾಗದಲ್ಲಿ ಹಾನಿ ಕಡಿಮೆ."

ಅವರು ಓದಿ ನನ್ನನ್ನು ನೋಡಿದರು. "ಇಷ್ಟ್ ಅವಸರದಾಗ ಓಡಿ ಬಂದದ್ದು ಇದಕ್ಕೇನ್ರಿ?"

ನಾನು ನಡೆದದ್ದನ್ನು ಹೇಳಿದೆ. ಅವರು ಕಾಗದವನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿದರು. "ಹಂಗಾರ ತಪ್ಪಾಗೇದ ಅಂತ ಮೊದ್ಲ ಬರೀರಿ. ಹಿಂಗ ಬರದ್ರ ಅವ್ರು ಎರಡೂ ಛಾಪಸ್ತಾರ. ಓದೂ ಮಂದಿ ಯಾವುದು ಖರೇ ಅಂತ ತಿಳೀಬೇಕು?"

ನಾನು ಹೊಸ ಕಾಗದ ತೆಗೆದುಕೊಂಡೆ. "ನಿನ್ನೆಯ ತಂತಿ ತಪ್ಪು. ಕಲ್ಯಾಣ ನೋಡದೆ ಬರೆದೆ. ಆಲಿಕಲ್ಲು ಸಣ್ಣ ಪಟ್ಟಿಯಲ್ಲಿ ಮಾತ್ರ. ರಾಜೇಶ್ವರದಿಂದ ಕಲ್ಯಾಣದವರೆಗೆ ಕುಸುಬೆ ಚೆನ್ನ. ಕೊಯ್ಲು ನಡೆದಿದೆ." ಬರೆದು ಮುಗಿಸಿದಾಗ ಮೈ ಹಗುರಾಯಿತು. ಲೈನು ಸಿಗಲು ಅರ್ಧ ಗಂಟೆ ಹಿಡಿಯಿತು. ಮಾಸ್ತರರು ಬೇಸರಿಸದೆ ಮತ್ತೆ ಮತ್ತೆ ತಂತಿಯಂತ್ರದ ಕೀಲಿ ಬಡಿದರು. ಕೊನೆಗೆ ಅತ್ತ ಕಡೆಯಿಂದ ಟಕ ಟಕ ಉತ್ತರ ಬಂದಾಗ, "ಹೋತ್ರಿ" ಎಂದು ನಕ್ಕರು. ರಾತ್ರಿ ತಮ್ಮ ಮನೆಯ ಪಡಸಾಲೆಯಲ್ಲೇ ಜಾಗ ಕೊಟ್ಟರು.

ಗುರುವಾರ ಬೆಳಿಗ್ಗೆ ಪಂಕ್ಚರ್ ತಿದ್ದಿಸಿ ಸೈಕಲ್ಲನ್ನು ಶಂಕರೆಪ್ಪನವರಿಗೆ ಮುಟ್ಟಿಸಿದೆ. ಹೊಲದಲ್ಲಿ ಅರ್ಧ ಕೊಯ್ಲು ಮುಗಿದಿತ್ತು. ತಂತಿ ಹೋಯಿತು ಎಂದು ತಾರಾಬಾಯಿಗೆ ಹೇಳಿದೆ. ನಿಮ್ಮಿಂದ ಉಪಕಾರವಾಯಿತು ಎಂದಾಗ ಅವಳು ಕೈಗೆ ಸುತ್ತಿದ ಬಟ್ಟೆ ಬಿಗಿ ಮಾಡಿಕೊಳ್ಳುತ್ತಾ, "ನಾ ಏನ್ ಮಾಡೀನ್ರಿ? ಎಲ್ಲಿಗಿ ಹೊಂಟೀರಿ ಅಂತ ನೀವs ಕೇಳಿದ್ರಿ, ಹೇಳೀನಿ" ಎಂದು ಮತ್ತೆ ಬಗ್ಗಿದಳು. ಅವಳ ಮಾತು ಸರಿ. ಆ ಭಾಗದಲ್ಲಿ ಬೆಳೆ ಎಲ್ಲಿ ಉಳಿದಿದೆ ಎಂಬುದು ಕೊಯ್ಲಿನ ಹೆಂಗಸರಿಗೆಲ್ಲ ಗೊತ್ತಿತ್ತು. ಅವರನ್ನು ಯಾರೂ ಕೇಳಿರಲಿಲ್ಲ.

ಸಂಜೆ ಗುಲಬರ್ಗಾಕ್ಕೆ ಇಳಿದು ನೇರ ಕಚೇರಿಗೆ ಹೋದೆ. ಕೆಲಸ ಹೋದರೂ ಹೋಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಎರಡನೆಯ ತಂತಿ ಆರೂವರೆಗೆ ಮುಟ್ಟಿತ್ತು. ಸಂಪಾದಕರು ಕಟ್ಟಿದ ಪುಟ ಬಿಚ್ಚಿಸಿ ತಲೆಬರಹ ಬದಲಿಸಿದ್ದರು. ಆದರೆ ಮೊದಲ ತಂತಿಯ ಸುದ್ದಿ ಮಂಗಳವಾರವೇ ಬಾಯಿಂದ ಬಾಯಿಗೆ ಗಂಜಿಗೆ ಹೋಗಿ ಧಾರಣೆ ಇನ್ನಷ್ಟು ಏರಿತ್ತು. ಗುರುವಾರ ಪತ್ರಿಕೆ ಓದಿದ ಮೇಲೆ ಇಳಿಯತೊಡಗಿ, ಎರಡು ದಿನದಲ್ಲಿ ಮೊದಲಿನ ಮಟ್ಟಕ್ಕೆ ಹತ್ತಿರ ಬಂದು ನಿಂತಿತು. ಆ ನಡುವೆ ತುಟ್ಟಿ ಎಣ್ಣೆ ಕೊಂಡವರಿಗೆ ನಾನು ಏನೂ ಮಾಡುವಂತಿರಲಿಲ್ಲ.

ಸಂಪಾದಕರು ಬೈಯಲಿಲ್ಲ. ಎದುರಿಗೆ ಕೂರಿಸಿ ಮುಂದಿನ ವಾರಕ್ಕೆ ಪೂರ್ತಿ ವರದಿ ಬರೆಸಿದರು. ನಮ್ಮ ಪತ್ರಿಕೆಯಲ್ಲಿ ಪ್ರತಿ ವರದಿಯ ಕೆಳಗೆ ಮಾಹಿತಿ ಕೊಟ್ಟವರ ಹೆಸರು ಹಾಕುವ ರೂಢಿ. ಯಾವಾಗಲೂ ಅಡತಿಯವರ, ಗಿರಣಿಯವರ ಹೆಸರುಗಳೇ ಇರುತ್ತಿದ್ದವು. "ಯಾರ ಹೆಸರ ಹಾಕ್ಬೇಕು, ಹೇಳು" ಎಂದು ಪೆನ್ನು ಹಿಡಿದು ಕುಳಿತರು. ನಾನು ಹೇಳಿದೆ. ಅವರು ಒಂದು ಸಲ ಕನ್ನಡಕದ ಮೇಲಿಂದ ನೋಡಿ ಹಾಗೆಯೇ ಬರೆದುಕೊಂಡರು.

ಮುಂದಿನ ಗುರುವಾರ ಗಂಜಿನ ಅಂಗಡಿಗಳಲ್ಲಿ ಎಲ್ಲರೂ ಆ ಸಾಲನ್ನು ಓದಿದರು: "ತಾರಾಬಾಯಿ, ಕುಸುಬೆ ಕೊಯ್ಯುವವರು, ಹುಮನಾಬಾದ."