ಪರದೆಯ ಹಿಂದೆ ಬಜ್ಜಿ ಕರಿದವರು

ಕ್ಯಾಂಟೀನ್ ಅಕ್ಕನ ಕುತ್ತಿಗೆ ಬಲಕ್ಕೆ ವಾಲಿತ್ತು. ಹುಟ್ಟಿನಿಂದ ಬಂದದ್ದಲ್ಲ, ಸಿನಿಮಾದಿಂದ ಬಂದದ್ದು. ಬಾಣಲೆಯ ಮುಂದೆ ನಿಂತು ಬಲಗಿವಿಯನ್ನು ಗೋಡೆಗೆ ಕೊಟ್ಟು ಕೊಟ್ಟು ಅದು ಹಾಗೇ ನಿಂತುಬಿಟ್ಟಿತ್ತು. ಆಧಾರ್ ಕಾರ್ಡಿನ ಫೋಟೋದಲ್ಲೂ ಅವರು ಪಕ್ಕದ ಮನೆಯ ಜಗಳಕ್ಕೆ ಕಿವಿ ಕೊಟ್ಟವರ ಹಾಗೆ ಕಾಣುತ್ತಿದ್ದರು. ಫೋಟೋದವನು "ನೆಟ್ಟಗೆ ನೋಡಿ ಅಮ್ಮಾ" ಎಂದು ಹೇಳಿ ಸುಸ್ತಾಗಿ, ಕೊನೆಗೆ ತನ್ನ ತಲೆಯನ್ನೇ ಓರೆ ಮಾಡಿಕೊಂಡು ತೆಗೆದನಂತೆ. 'ಅಂತೆ' ಯಾಕೆಂದರೆ ಇದಿಷ್ಟು ನಾನು ಕಟ್ಟಿದ್ದು.

ತೀರ್ಥಹಳ್ಳಿಯ ಅಂಚಿನಲ್ಲಿದ್ದ ನಮ್ಮ ಸಣ್ಣ ಥಿಯೇಟರಿಗೆ ತಗಡಿನ ಶೀಟಿನ ಮಾಡು. ಬೇಸಿಗೆಯಲ್ಲಿ ಸಿನಿಮಾ ನೋಡುವುದಕ್ಕೂ ಬೇಯುವುದಕ್ಕೂ ಒಂದೇ ಟಿಕೆಟ್ಟು. ಮಳೆಗಾಲದಲ್ಲಿ ಇನ್ನೊಂದು ಚಂದ. ಶೀಟಿನ ಮೇಲೆ ಮಳೆ ಬಿತ್ತೆಂದರೆ ಪರದೆಯ ಮೇಲೆ ಎಲ್ಲರೂ ಬಾಯಿ ಆಡಿಸುತ್ತಾರೆ, ಒಂದಕ್ಷರ ಕೇಳುವುದಿಲ್ಲ. ಹೀರೋ ಕಣ್ಣೀರು ಹಾಕುತ್ತಿದ್ದಾನೆ, ಯಾಕೆ? ಗೊತ್ತಿಲ್ಲ. ವಿಲನ್ ನಗುತ್ತಿದ್ದಾನೆ, ಯಾಕೆ? ವಿಲನ್ ಆದ್ದರಿಂದ. ಸಾಗರದಿಂದ ಬಂದ ನನ್ನ ಭಾವ ಒಮ್ಮೆ, "ಇದೆಂತ ಮಾರಾಯಾ, ನಿಮ್ಮೂರಲ್ಲಿ ಇನ್ನೂ ಮೂಕಿ ಚಿತ್ರನಾ?" ಎಂದು ಕೇಳಿ ನಮ್ಮ ಊರಿನ ಮಾನವನ್ನು ಗಾಂಧಿ ಕ್ಲಾಸಿನಲ್ಲೇ ಕಳೆದಿದ್ದ.

ಆದರೆ ಭಾವನಿಗೆ ಇಂಟರ್ವಲ್‌ನ ಮಹಿಮೆ ಗೊತ್ತಿರಲಿಲ್ಲ.

ಕ್ಯಾಂಟೀನ್ ಇದ್ದದ್ದು ಪರದೆಯ ಹಿಂದಿನ ಗೋಡೆಗೆ ಅಂಟಿಕೊಂಡ ಸಣ್ಣ ಇಳಿಮಾಡಿನಲ್ಲಿ. ಅದಕ್ಕೆ ಹಂಚು ಹೊದಿಸಿದ್ದರು, ಅಲ್ಲಿ ಮಳೆಯ ಗಲಾಟೆ ಕಡಿಮೆ. ಸ್ಪೀಕರ್ ಇದ್ದದ್ದೂ ಅದೇ ಗೋಡೆಯ ಆ ಬದಿಗೆ. ಹೀಗಾಗಿ ಎಷ್ಟೇ ಮಳೆ ಹೊಯ್ಯಲಿ, ಅಕ್ಕನ ಬಲಗಿವಿಗೆ ಮಾತೆಲ್ಲ ಕೇಳುತ್ತಿತ್ತು. ಚಿತ್ರ ಮಾತ್ರ ಕಾಣುತ್ತಿರಲಿಲ್ಲ. ನಮಗೆ ಚಿತ್ರ ಕಾಣುತ್ತಿತ್ತು, ಮಾತಿಲ್ಲ. ಇಂಟರ್ವಲ್ ಆದೊಡನೆ ಆಗುಂಬೆಯವರು, ಅರಳಸುರಳಿಯವರು ಎಲ್ಲ ಒಟ್ಟಾಗಿ ಕ್ಯಾಂಟೀನಿಗೆ ನುಗ್ಗುತ್ತಿದ್ದರು. ಬಜ್ಜಿಗೆ ಅಲ್ಲ, ಡೈಲಾಗಿಗೆ.

"ಅಕ್ಕಾ, ಬಸ್‌ಸ್ಟ್ಯಾಂಡಲ್ಲಿ ಅವಳು ಎಂತ ಹೇಳಿದ್ದು?"

ಅಕ್ಕ ಜಾಲರಿ ಸೌಟಿನಲ್ಲಿ ಬಾಳೆಕಾಯಿ ಬಜ್ಜಿ ತಿರುವುತ್ತಲೇ ನಾಯಕಿಯಾಗುತ್ತಿದ್ದರು. ಸೌಟು ಎತ್ತಿದರೆ ಅಪ್ಪ, ಇಳಿಸಿದರೆ ಅಮ್ಮ. ವಿಲನ್ ಮಾತಾಡುವಾಗ ಒಲೆಯ ಉರಿ ಸಣ್ಣ ಮಾಡುತ್ತಿದ್ದರು, ದನಿ ದಪ್ಪವಾಗಿ ಕೇಳಲಿ ಎಂದು. ಎಲ್ಲ ಹೇಳಿ ಮುಗಿಸಿ, "ಈಗ ನೀವ್ ಹೇಳಿ. ಅವಳು ಯಾವ ಬಣ್ಣದ ಸೀರೆ ಉಟ್ಕಂಡಿದ್ಲು? ಅವನ ಮುಖ ಹೆಂಗಿತ್ತು?" ಎಂದು ನಮ್ಮನ್ನು ಕೇಳುತ್ತಿದ್ದರು. ಸೀರೆಯ ಬಣ್ಣ ಹೆಂಗಸರು ಹೇಳುತ್ತಿದ್ದರು. ಮುಖ ತೋರಿಸುವುದು ನನ್ನ ಕೆಲಸ. ಹೀರೋ ಹೇಗೆ ನಡೆದ, ಮಾವ ಹೇಗೆ ಹುಬ್ಬು ಗಂಟಿಕ್ಕಿದ ಎಂದು ನಾನು ಮಾಡಿ ತೋರಿಸಿದರೆ ಅಕ್ಕ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

"ಏ ಮಂಗಾ, ಮಾತು ನಂದು, ಮುಖ ನಿಂದು. ಇಬ್ರೂ ಸೇರಿದ್ರೆ ಒಂದು ಸಿನಿಮಾ ನೋಡು."

ಇವತ್ತು ನನ್ನನ್ನು ಮಿಮಿಕ್ರಿ ಕಲಾವಿದ ಎಂದು ಪೋಸ್ಟರಿನಲ್ಲಿ ಹಾಕುತ್ತಾರೆ. ಫೋಟೋ ಸಣ್ಣದು, ಪ್ರಾಯೋಜಕರ ಅಂಗಡಿಯ ಫೋಟೋ ದೊಡ್ಡದು. ಆ ಸಣ್ಣ ಫೋಟೋದ ವಿದ್ಯೆಯೆಲ್ಲ ಅಕ್ಕನ ಬಾಣಲೆಯ ಮುಂದೆ ಕಲಿತದ್ದು.

ಅಕ್ಕ ಹೇಳಿದ ಡೈಲಾಗುಗಳು ಊರಿನಲ್ಲಿ ಚಲಾವಣೆಯಾಗುತ್ತಿದ್ದವು. ಒಂದಂತೂ ಮನೆಮಾತಾಗಿತ್ತು. ಒಂದು ಚಿತ್ರದಲ್ಲಿ ಜಗಳವಾಡಿ ಮನೆ ಬಿಟ್ಟು ಹೊರಟ ಮಗನಿಗೆ ಅಪ್ಪ ಏನೋ ಹೇಳಿ ಬಾಗಿಲು ಹಾಕಿಕೊಳ್ಳುತ್ತಾನೆ. ಜೋರು ಮಳೆ, ನಮಗೆ ಕೇಳಲಿಲ್ಲ. ಇಂಟರ್ವಲ್‌ನಲ್ಲಿ ಅಕ್ಕ ಸೌಟು ಎತ್ತಿ ಹೇಳಿದರು: "ಹೋಗು. ಬಾಗಿಲು ಹಾಕಿರ್ತೀನಿ, ಚಿಲಕ ಹಾಕಿರಲ್ಲ."

ಕ್ಯಾಂಟೀನಿನಲ್ಲಿ ಒಂದು ಕ್ಷಣ ಯಾರೂ ಬಜ್ಜಿ ಜಗಿಯಲಿಲ್ಲ. ಆಮೇಲೆ ಊರಿನಲ್ಲಿ ಗಂಡ ಹೆಂಡಿರು ಮುನಿಸಿಕೊಂಡರೂ, ಅಣ್ಣ ತಮ್ಮಂದಿರು ಪಾಲು ಮಾಡಿಕೊಂಡರೂ ಯಾರಾದರೊಬ್ಬರು ಆ ಮಾತು ಹೇಳುತ್ತಿದ್ದರು.

ನಮ್ಮ ಅಪ್ಪಯ್ಯನೂ ಹೇಳಿದರು. ಅಪ್ಪಯ್ಯ ಬಸ್ ಕಂಡಕ್ಟರ್. "ಒಳಗೆ ಹೋಗಿ, ಒಳಗೆ ಹೋಗಿ" ಎಂದು ಇಡೀ ದಿನ ಮಾತು ಖರ್ಚು ಮಾಡಿ ಮನೆಗೆ ಬರುವಾಗ ಅವರ ಬಾಯಿ ಖಾಲಿಯಾಗಿರುತ್ತಿತ್ತು. ನಾನು ಡಿಗ್ರಿಯನ್ನು ಅರ್ಧಕ್ಕೆ ಬಿಟ್ಟು ಆರ್ಕೆಸ್ಟ್ರಾ ಸೇರುತ್ತೇನೆಂದು ಬ್ಯಾಗು ಹೆಗಲಿಗೇರಿಸಿದ ದಿನ ದೊಡ್ಡ ರಂಪವಾಯಿತು. ಅಮ್ಮ ಅತ್ತಳು. ನಾನು ಮೆಟ್ಟಿಲಿಳಿದೆ. ಹಿಂದಿನಿಂದ ಅಪ್ಪಯ್ಯನ ದನಿ ಬಂತು, ಟಿಕೆಟ್ ಕೇಳುವ ಅದೇ ದನಿ: "ಬಾಗಿಲು ಹಾಕಿರ್ತೀನಿ. ಚಿಲಕ ಹಾಕಿರಲ್ಲ."

ಆರ್ಕೆಸ್ಟ್ರಾದ ಊಟ ತಿಂದು ವಾರ ತುಂಬುವ ಮೊದಲೇ ನಾನು ವಾಪಸ್ಸು ಬಂದೆ. ಬಾಗಿಲು ದೂಡಿದೆ. ತೆರೆಯಿತು. ಅಪ್ಪಯ್ಯ ಪೇಪರಿನಿಂದ ತಲೆ ಎತ್ತದೆ, "ಒಳಗೆ ಬಾ" ಎಂದರು. ಡಿಗ್ರಿ ಮುಗಿಸಿದೆ, ಮಿಮಿಕ್ರಿಯನ್ನೂ ಬಿಡಲಿಲ್ಲ.

ಕೊರೊನಾ ಬಂದು ಹೋದ ಮೇಲೆ ಥಿಯೇಟರಿನಲ್ಲಿ ಜನರಿಗಿಂತ ಬಾವಲಿಗಳು ಹೆಚ್ಚಾದವು. ಮಾಲೀಕರು ಮುಚ್ಚುತ್ತೇವೆ ಎಂದರು. ಆಗ ಅಕ್ಕ ಒಂದು ಆಸೆ ಹೇಳಿಕೊಂಡರು. ಇಷ್ಟು ವರ್ಷ ಪರದೆಯ ಹಿಂದೆ ನಿಂತವರು ಒಂದು ಸಿನಿಮಾವನ್ನೂ ಮುಂದೆ ಕೂತು ನೋಡಿರಲಿಲ್ಲ. ಆಟ ನಡೆಯುವಾಗಲೇ ಇಂಟರ್ವಲ್‌ಗೆ ಬಜ್ಜಿ ಆಗಬೇಕಲ್ಲ.

"ಮುಚ್ಚೋಕ್ ಮುಂಚೆ ಒಂದ್ಸಲ ಮಾತೂ ಮುಖವೂ ಒಟ್ಟಿಗೆ ನೋಡ್ಬೇಕು ಕಣಾ. ಟಿವೀಲಿ ಅಲ್ಲ, ಇಲ್ಲೇ."

"ನೋಡಿ ಅಕ್ಕಾ, ಬಜ್ಜಿ ನಾನು ಕರೀತೀನಿ."

"ನೀನು ಕರೀತೀಯಾ? ದೇವ್ರೇ, ಜನ ಸಿನಿಮಾಕ್ಕೆ ಬರ್ತಾರೋ ಆಸ್ಪತ್ರೆಗೆ ಹೋಗ್ತಾರೋ."

ಕೊನೆಯ ದಿನ ಮ್ಯಾಟಿನಿಗೆ ಅಕ್ಕ ರೇಷ್ಮೆ ಸೀರೆ ಉಟ್ಟು ಬಂದರು. ಆಷಾಢ. ಆಕಾಶ ಕಪ್ಪಾಗಿ ನಿಂತಿತ್ತು. ಗೇಟಿನ ಬಳಿ ನಿಂತವರೆಲ್ಲ ಸಿನಿಮಾ ಪೋಸ್ಟರ್ ಬಿಟ್ಟು ಮೋಡ ನೋಡುತ್ತಿದ್ದರು. "ಇವತ್ತೊಂದಿನ ತಡ್ಕಳಪ್ಪಾ" ಎಂದು ಅರಳಸುರಳಿಯ ಒಬ್ಬ ಹಿರಿಯರು ಮಳೆಯೊಂದಿಗೆ ನೇರವಾಗಿಯೇ ಮಾತಾಡಿದರು. ಅಕ್ಕ ಬಾಲ್ಕನಿಯ ನಡುವಿನ ಸೀಟಿನಲ್ಲಿ ಕೂತರು, ಅಭ್ಯಾಸಬಲದಿಂದ ತಲೆ ಓರೆ ಮಾಡಿಕೊಂಡು.

ನಾನು ಒಲೆಯ ಮುಂದೆ ನಿಂತೆ. ಗೋಡೆಯಿಂದ ಮಾತುಗಳು ಸ್ಪಷ್ಟವಾಗಿ ಬಂದವು. ಮೊದಲ ಹಾಡು ಮುಗಿಯುವವರೆಗೆ ಮಳೆ ತಡೆದುಕೊಂಡಿತು. ಆಮೇಲೆ ಧೋ ಎಂದು ಸುರಿಯಿತು. ಒಳಗೆ ಅಕ್ಕನಿಗೆ ಈಗ ಬರೀ ಬಾಯಿಗಳು ಕಾಣುತ್ತಿವೆ ಎಂದುಕೊಂಡಾಗ ನನಗೆ ಹಿಟ್ಟು ಕಲಸುವ ಉಮೇದೇ ಹೋಯಿತು.

ಇಂಟರ್ವಲ್ ಆಯಿತು. ಎಲ್ಲರಿಗಿಂತ ಮೊದಲು ಅಕ್ಕನೇ ಬಂದರು. ಸೊಂಟಕ್ಕೆ ಕೈ ಕೊಟ್ಟು, ಇಷ್ಟು ವರ್ಷ ಊರು ಕೇಳಿದ್ದನ್ನು ಕೇಳಿದರು:

"ಎಂತ ಹೇಳಿದ್ನಾ ಅವನು?"

ನಾನು ಸೌಟು ಎತ್ತಿದೆ, ಇಳಿಸಿದೆ, ಎಲ್ಲರ ದನಿಯನ್ನೂ ಮಾಡಿದೆ. ಅಕ್ಕ ತಲೆಯಾಡಿಸುತ್ತ ಕೇಳಿದರು. ಆಸ್ಪತ್ರೆಯಲ್ಲಿ ತಾಯಿ ಮಗಳಿಗೆ ಹೇಳುವ ಮಾತು ಬಂದಾಗ ಮಾತ್ರ ತಡೆದರು.

"ಸುಳ್ಳು. ಅವಳ ಬಾಯಿ ಅಷ್ಟುದ್ದ ಆಡ್ಲೇ ಇಲ್ಲ."

ಸಿಕ್ಕಿಬಿದ್ದೆ. "ಆವಾಗ ಬಜ್ಜಿ ಬಿಟ್ಟೆ ಅಕ್ಕಾ. ಎಣ್ಣೆ ಚೊರ್ರ್ ಅಂತು, ಕೇಳ್ಲೇ ಇಲ್ಲ. ನಾನೇ ಒಂದು ಸೇರ್ಸಿದೆ."

ಅಕ್ಕ ನಗತೊಡಗಿದರು. ರೇಷ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡರೂ ನಗು ನಿಲ್ಲಲಿಲ್ಲ. "ಗೊತ್ತಾಯ್ತಾ ಈಗ ನನ್ ಕಷ್ಟ?"

"ಅಂದ್ರೆ... ನೀವೂನಾ?"

"ಮತ್ತೆ? ನಾನು ಬಜ್ಜಿ ಬಿಡೋ ಹೊತ್ತಿಗೆ ಅವರು ಬಾಯಿ ಮುಚ್ಕಂಡ್ ಕೂತಿರ್ತಾರಾ?"

"ಯಾವ್ಯಾವ ಮಾತು ಅಕ್ಕಾ?"

"ಅದನ್ನ ಹೇಳಿದ್ರೆ ತಿಂದ ಬಜ್ಜಿ ಕಹಿ ಆಗ್ತದೆ, ಬಿಡು."

ಬೆಲ್ ಹೊಡೆಯಿತು. "ನೀವು ಇಲ್ಲೇ ನಿಲ್ಲಿ ಅಕ್ಕಾ, ಮಾತಾದ್ರೂ ಕೇಳ್ತದೆ" ಎಂದೆ. ಅವರು ಒಲೆಯನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದರು.

"ಕೇಳಿದ್ದು ಸಾಕು ಮಂಗಾ. ಇವತ್ತು ನೋಡ್ತೀನಿ."

ಒಳಗೆ ಹೋದರು. ಉಳಿದ ಅರ್ಧವನ್ನೂ ಮಳೆ ಬಿಡಲಿಲ್ಲ. ಆಟ ಬಿಟ್ಟ ಮೇಲೆ ಅವರ ಅಭಿಪ್ರಾಯ ಕೇಳಲು ಊರೇ ನಿಂತಿತ್ತು. "ಪಾಪ, ವಿಲನ್ ಎಷ್ಟ್ ಒಳ್ಳೆಯವನ ಹಂಗೆ ಕಾಣ್ತಾನೆ! ಹೀರೋ ಮುಖಕ್ಕಿಂತ ದನೀನೇ ಚಂದ" ಎಂದರು. ಆ ದಿನ ಅವರ ತಲೆ ಸ್ವಲ್ಪ ನೆಟ್ಟಗಾದಂತೆ ಕಂಡಿತು. ಇದು ನಾನು ಕಟ್ಟಿದ್ದಲ್ಲ.

ಮರುವರ್ಷ ದೀಪಾವಳಿಗೆ ಮುಂಚೆ ಅಕ್ಕ ಹೋದರು. ನಿದ್ದೆಯಲ್ಲೇ. ನೋಡಲು ಹೋದಾಗ ಯಾರೋ ಅವರ ತಲೆಯನ್ನು ನೆಟ್ಟಗೆ ಮಾಡಿ ದಿಂಬು ಒತ್ತು ಕೊಟ್ಟಿದ್ದರು. ನಾನು ದಿಂಬನ್ನು ಮೆಲ್ಲಗೆ ಸರಿಸಿದೆ. ತಲೆ ಬಲಕ್ಕೆ ವಾಲಿತು. ಆಗ ಅವರ ಗುರುತು ಸಿಕ್ಕಿತು. ಥಿಯೇಟರ್ ಈಗ ಸಿಮೆಂಟ್ ಗೋಡೌನ್.

ಮೊನ್ನೆ ಭಾನುವಾರ ಟಿವಿಯಲ್ಲಿ ಆ ಬಾಗಿಲಿನ ಸಿನಿಮಾ ಬಂತು. ಅಪ್ಪಯ್ಯ, ನಾನು ಒಟ್ಟಿಗೆ ಕೂತಿದ್ದೆವು. ಮಗ ಬ್ಯಾಗು ಹಿಡಿದು ಮೆಟ್ಟಿಲಿಳಿದ. ಅಕ್ಕನ ಡೈಲಾಗು ಈಗ ಬರುತ್ತದೆ ಎಂದು ನಾನು ಕಾದೆ. ಪರದೆಯ ಅಪ್ಪ, "ಇನ್ನು ಈ ಹೊಸ್ತಿಲು ತುಳೀಬೇಡ!" ಎಂದು ಕಿರುಚಿ ಬಾಗಿಲು ಹಾಕಿಕೊಂಡ. ಅಷ್ಟೇ ಅಲ್ಲ, ಮುಚ್ಚಿದ ಬಾಗಿಲಿನ ಹಿಂದೆ ಚಿಲಕ ಹಾಕಿದ ಸದ್ದು ಖಟ್ ಎಂದು ಸ್ಪಷ್ಟವಾಗಿ ಕೇಳಿತು.

ಆ ಹೊತ್ತಿಗೆ ಅಕ್ಕ ಬಾಣಲೆಗೆ ಬಜ್ಜಿ ಬಿಟ್ಟಿದ್ದರು.

ನಾನು ಅಪ್ಪಯ್ಯನ ಕಡೆ ನೋಡಲು ಧೈರ್ಯವಿಲ್ಲದೆ ಟಿವಿಯನ್ನೇ ನೋಡುತ್ತಿದ್ದೆ. ಜಾಹೀರಾತು ಶುರುವಾಯಿತು. ಅಪ್ಪಯ್ಯ ಕೆಮ್ಮಿದರು. ಆಮೇಲೆ ಟಿಕೆಟ್ ಇಲ್ಲದವನನ್ನು ಹಿಡಿದವರ ಹಾಗೆ ಹೇಳಿದರು:

"ಟಿವಿಯವರು ಕಟ್ ಮಾಡಿದಾರೆ."

"ಹೌದು ಅಪ್ಪಯ್ಯಾ," ಎಂದೆ. "ಮುಖ್ಯವಾದ್ದನ್ನೇ ಕಟ್ ಮಾಡಿದಾರೆ."