ಮೋಟಾರು ಬಾರದ ಮನೆ

ಓಣಿಯಲ್ಲಿ ಎಲ್ಲರೂ ಅವಳನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವಳು ದೊಡ್ಡಮ್ಮ ಆಗಿದ್ದು ಒಬ್ಬಳಿಗೆ ಮಾತ್ರ, ತೀರಿಹೋದ ತಂಗಿಯ ಮಗಳಿಗೆ. ಆ ಹುಡುಗಿ ಕೂಗುವುದನ್ನು ಕೇಳಿ ಕೇಳಿ ಓಣಿಯವರ ಬಾಯಿಗೂ ಅದೇ ಬಂತು.

ದೊಡ್ಡಮ್ಮನ ಕಸುಬು ಹೊಲಿಗೆ. ಅಂಗಡಿಯವನು ಕತ್ತರಿಸಿದ ಬಟ್ಟೆಯ ಕಟ್ಟು ತಂದು ಹಾಕುತ್ತಿದ್ದ. ಶಾಲೆ ಮಕ್ಕಳ ಅಂಗಿ, ಆಸ್ಪತ್ರೆಯ ದಿಂಬಿನ ಚೀಲ. ಮನೆ ಎಂದರೆ ಒಂದೇ ಕೋಣೆ. ಕಿಟಕಿ ಬೆಳಕು ಬೀಳುವ ಕಡೆ ಮಿಷನ್ನು. ಅದರ ಬಲಕ್ಕೆ ಹೊಲಿಯಬೇಕಾದ ಕಟ್ಟು, ಎಡಕ್ಕೆ ಮಂಚದ ಮೇಲೆ ಹೊಲಿದು ಮುಗಿದದ್ದು. ಮಲಗಬೇಕಾದರೆ ಆ ರಾಶಿಯನ್ನು ಎತ್ತಿ ಮಿಷನ್ನಿನ ಮೇಲಿಡಬೇಕು. ಕಾಲಲ್ಲಿ ತುಳಿಯುವ ಹಳೇ ಮಿಷನ್ನು ಅದು. ತುಳಿದೂ ತುಳಿದೂ ಬಲ ಮಂಡಿ ಸವೆದಿತ್ತು. ಬೆಳಗ್ಗೆ ಎದ್ದವಳು ಗೋಡೆ ಹಿಡಿದೇ ಬಚ್ಚಲಿಗೆ ಹೋಗುತ್ತಿದ್ದಳು.

ಹುಡುಗಿ ಪಟ್ಟಣದ ಆ ತುದಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಳು. ಹಗಲು ಔಷಧಿ ಗೋದಾಮಿನಲ್ಲಿ ಬಿಲ್ಲು ಬರೆಯುವುದು, ಸಂಜೆ ಕಾಲೇಜು. ಅನ್ವಯಿಕ ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಳು.

"ಹಂಗಂದ್ರೆ ಏನೇ ಅದು?" ಎಂದು ದೊಡ್ಡಮ್ಮ ಕೇಳಿದ್ದಳು.

"ಪುಸ್ತಕದಲ್ಲಿರೋದನ್ನ ಜನರ ಬದುಕಿಗೆ ಹಚ್ಚಿ ನೋಡೋದು ದೊಡ್ಡಮ್ಮ. ಯಾವುದರಿಂದ ಉಪಯೋಗ ಇದೆ, ಯಾವುದರಿಂದ ಇಲ್ಲ ಅಂತ."

"ಅದನ್ನ ಜನರನ್ನೇ ಕೇಳಿದ್ರೆ ಆಗಲ್ವಾ?"

"ಜನರನ್ನೇ ಕೇಳೋದು. ಕೇಳೋಕೆ ಒಂದು ಕ್ರಮ ಇರುತ್ತೆ ಅಷ್ಟೆ."

ಆ ಪದವಿ ಕೈಗೆ ಬರಬೇಕಾದರೆ ಏನೇನು ಆಗಬೇಕು ಎಂದು ಹುಡುಗಿ ಬಿಡಿಸಿ ಹೇಳಿದಳು. ದೊಡ್ಡಮ್ಮ ಅದನ್ನು ಅಂಗಿಯ ಹಾಗೆ ಮನಸ್ಸಲ್ಲಿ ಜೋಡಿಸಿಕೊಂಡಳು. ಎರಡು ವರ್ಷದ ಪಾಠ, ಪರೀಕ್ಷೆಗಳು ಎಂದರೆ ಬೆನ್ನು ಮತ್ತು ಎದೆಯ ತುಂಡು. ಸಂಖ್ಯಾಶಾಸ್ತ್ರ ಎಂದರೆ ತೋಳು. ಭುಜಕ್ಕೆ ಸರಿಯಾಗಿ ಕೂರದೆ ಸತಾಯಿಸುವುದು ಅದೇ. ಹುಡುಗಿ ಅದರಲ್ಲಿ ಒಂದು ಸಲ ಫೇಲಾಗಿ, ಬಿಚ್ಚಿ ಮತ್ತೆ ಹೊಲಿದ ಹಾಗೆ ಬರೆದು ಪಾಸು ಮಾಡಿಕೊಂಡಳು. ಕಡೆಗೆ ಉಳಿದದ್ದು ಒಂದು ಅಧ್ಯಯನ. ತಾನೇ ಮನೆಮನೆಗೆ ಹೋಗಿ, ಕೇಳಿ, ಬರೆದು, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ನಿಂತು ಉತ್ತರ ಕೊಡಬೇಕು.

"ಅದು ಕಾಲರ್ರು. ಅದಿಲ್ಲದಿದ್ರೆ ಅಂಗೀನೇ ಅಲ್ಲ" ಎಂದಳು ದೊಡ್ಡಮ್ಮ.

ಅದೇ ಹೊತ್ತಿಗೆ ಒಂದು ಸಂಸ್ಥೆಯವರು ಓಣಿಯ ಹೊಲಿಗೆಯವರಿಗೆ ಮಿಷನ್ನಿಗೆ ಹಾಕುವ ಕರೆಂಟ್ ಮೋಟಾರು ಕೊಡಲು ಬಂದರು. ಎಲ್ಲರಿಗೂ ಸಾಲುವಷ್ಟು ತಂದಿರಲಿಲ್ಲ. ಚೀಟಿ ಎತ್ತಿ ಅರ್ಧ ಮನೆಗಳಿಗೆ ಈಗ, ಉಪಯೋಗ ಆಗಿದೆ ಎಂದು ಕಂಡರೆ ಉಳಿದವರಿಗೆ ಮುಂದಿನ ವರ್ಷ ಎಂದರು. ಆಗಿದೆಯೋ ಇಲ್ಲವೋ ನೋಡಿ ಹೇಳುವ ಕೆಲಸವನ್ನು ಕಾಲೇಜಿನ ಮೇಷ್ಟ್ರು ತಮ್ಮ ವಿದ್ಯಾರ್ಥಿನಿಗೇ ಕೊಡಿಸಿದರು. ಹುಡುಗಿಗೆ ಕಾಲರ್ ಸಿಕ್ಕಿತು.

ಚೀಟಿಯಲ್ಲಿ ಎದುರುಮನೆಯವಳಿಗೆ ಮೋಟಾರು ಬಂತು. ಗುಂಡಿ ತೂರಿಸುವ ಕಾಜಾ ಹೊಲಿಯುವುದರಲ್ಲಿ ಎತ್ತಿದ ಕೈ ಎಂದು ಅವಳನ್ನು ಎಲ್ಲರೂ ಕಾಜಾ ಎಂದೇ ಕರೆಯುತ್ತಿದ್ದರು. ದೊಡ್ಡಮ್ಮನಿಗೆ ಬರಲಿಲ್ಲ.

ಹುಡುಗಿಯ ಮುಖ ಸಣ್ಣದಾಯಿತು. "ನಾನೇ ಒಂದು ತಂದು ಹಾಕಿಬಿಡ್ತಿದ್ದೆ ದೊಡ್ಡಮ್ಮ. ಆದರೆ ಈ ವರ್ಷ ಹಾಕೋಹಂಗಿಲ್ಲ. ಇಲ್ಲದವರ ಮನೆಗೂ ಬಂದುಬಿಟ್ರೆ ಯಾರ ಜೊತೆ ಯಾರನ್ನ ಹೋಲಿಸೋದು? ಎಲ್ಲಾ ಕೆಟ್ಟುಹೋಗುತ್ತೆ."

"ಬೇಡವೇ ಬೇಡ. ಇಷ್ಟು ವರ್ಷ ತುಳಿದಿಲ್ವಾ? ನಿನ್ನ ಓದು ಮುಗೀಲಿ" ಎಂದಳು ದೊಡ್ಡಮ್ಮ.

ವರ್ಷದಲ್ಲಿ ಮೂರು ಸಲ ಬಂದು ಅವವೇ ಪ್ರಶ್ನೆ ಕೇಳಬೇಕಿತ್ತು. ಚೀಟಿಗೆ ಹೆಸರು ಹಾಕಿದ ಯಾವ ಮನೆಯನ್ನೂ ಬಿಡುವಂತಿಲ್ಲ, ನಿಮ್ಮವರೇ ಆದರೂ ಹೊರಗಿನವಳ ಹಾಗೆ ಕೇಳು ಎಂದಿದ್ದರಂತೆ ಮೇಷ್ಟ್ರು. ಮೊದಲನೇ ಸಲ ಹುಡುಗಿ ಬಾಗಿಲು ತಟ್ಟಿ, ಚಪ್ಪಲಿ ಬಿಟ್ಟು, ಮಂಚದ ಅಂಚಿನಲ್ಲಿ ಕೂತಳು.

"ನಿಮ್ಮ ವಯಸ್ಸೆಷ್ಟು?"

"ಏನೇ ಇದು, ನೀವು ತಾವು ಅಂತ! ಜ್ವರಗಿರ ಬಂದಿದ್ಯಾ?"

"ದೊಡ್ಡಮ್ಮ, ನಗಬೇಡ. ವಯಸ್ಸು ಹೇಳಿ."

"ನಿಮ್ಮಮ್ಮನಿಗಿಂತ ನಾಲ್ಕು ವರ್ಷ ದೊಡ್ಡವಳು. ಲೆಕ್ಕ ಹಾಕ್ಕೊಳ್ಳಿ ಮೇಡಂ."

ಬಾಗಿಲಲ್ಲಿ ನಿಂತಿದ್ದ ಕಾಜಾ ಕಿಸಕ್ಕೆಂದಳು. ಹುಡುಗಿ ನಗು ನುಂಗಿ ಮುಂದಕ್ಕೆ ಹೋದಳು. ವಾರಕ್ಕೆ ಎಷ್ಟು ಅಂಗಿ ಆಗುತ್ತವೆ, ಮೈಕೈ ನೋವು ಇದೆಯೇ, ಇದ್ದರೆ ಎಲ್ಲಿ.

"ಮಂಡಿ ನೋವು ಕಣೇ. ಕೆಲವು ಸಲ ಕಾಲನ್ನ ಕಿತ್ತು ಮೂಲೇಲಿ ಇಟ್ಟುಬಿಡೋಣ ಅನ್ನಿಸುತ್ತೆ."

ಬರೆಯುತ್ತಿದ್ದ ಕೈ ನಿಂತಿತು. ಹುಡುಗಿಯ ಕಣ್ಣು ತುಂಬಿ ಬಂತು. ಅವಳು ತಲೆ ಎತ್ತದೆ ಮುಂದಿನ ಪ್ರಶ್ನೆ ಕೇಳಿದಳು.

ದೊಡ್ಡಮ್ಮ ಆ ಮುಖ ನೋಡಿದಳು. ತಪ್ಪು ಉತ್ತರ ಕೊಟ್ಟುಬಿಟ್ಟೆ ಎಂದುಕೊಂಡಳು.

ಹುಡುಗಿ ಹೋದ ಮೇಲೆ ಕಾಜಾಳನ್ನು ಕೇಳಿದಳು. "ಅಲ್ವೇ, ಇದು ಅವಳ ಪರೀಕ್ಷೆ ತಾನೇ? ನಾವು ಹೇಳೋದು ಸರಿಯಿಲ್ಲದಿದ್ರೆ ಅವಳಿಗೇ ಅಲ್ವಾ ನಂಬರ್ ಹೋಗೋದು?"

"ಮತ್ತಿನ್ನೇನು? ನೋವು ಗೀವು ಅಂತ ಗೋಳು ಹೇಳಿದ್ರೆ ಯಾವ ಮೇಷ್ಟ್ರಿಗೆ ಇಷ್ಟ ಆಗುತ್ತೆ?" ಎಂದಳು ಕಾಜಾ. ಇಬ್ಬರೂ ಪರೀಕ್ಷೆ ಕೋಣೆಯ ಮುಖ ಕಂಡವರಲ್ಲ.

ಗೋದಾಮು, ಕಾಲೇಜು ಎಂದು ಹುಡುಗಿಗೆ ನಡುವೆ ಬರಲಾಗಲಿಲ್ಲ. ಎರಡನೇ ಸಲ ಬರುವಷ್ಟರಲ್ಲಿ ದೊಡ್ಡಮ್ಮನ ಮಂಡಿ ಊದಿಕೊಂಡಿತ್ತು. ದೊಡ್ಡಮ್ಮ ಸೀರೆಯನ್ನು ಕಾಲಿನ ಮೇಲೆ ಎಳೆದುಕೊಂಡು ಕೂತು, "ನೋವು ಕಮ್ಮಿ ಆಗಿದೆ ಮೇಡಂ. ಅಂಗಿ ಮೊದಲಿನಷ್ಟೇ ಆಗುತ್ತೆ" ಎಂದಳು. ಹುಡುಗಿಯ ಮುಖ ಅರಳಿತು. ನೋಡು, ಈಗ ಸರಿಹೋಯಿತು ಎಂದುಕೊಂಡಳು ದೊಡ್ಡಮ್ಮ.

ಅಂಗಿ ಮೊದಲಿನಷ್ಟೇ ಆಗುತ್ತಿದ್ದುದು ಸುಳ್ಳಲ್ಲ. ಆದರೆ ಹೊಲಿಯುತ್ತಿದ್ದವಳು ಕಾಜಾ. ಒಂದು ಬೆಳಗ್ಗೆ ಕಾಲು ತುಳಿಯಲಾರೆ ಎಂದು ಹಟ ಹಿಡಿದಾಗ ಕಾಜಾ ಬಂದು ಅರ್ಧ ಕಟ್ಟು ಎತ್ತಿಕೊಂಡು ಹೋದಳು. "ನನ್ನ ಮೋಟಾರು ಸುಮ್ನೆ ಕೂತಿರುತ್ತೆ ದೊಡ್ಡಮ್ಮ, ಅದಕ್ಕೇನು ಊಟ ಹಾಕಬೇಕಾ?" ಅದು ದಿನದ ರೂಢಿಯಾಯಿತು, ಬರಬರುತ್ತಾ ಪೂರ್ತಿ ಕಟ್ಟೇ ಅವಳ ಮನೆಗೆ ಹೋಗತೊಡಗಿತು. ಕಾಜಾ ಹೊಲಿದು ತರುತ್ತಿದ್ದಳು, ದೊಡ್ಡಮ್ಮ ದಾರ ಕತ್ತರಿಸಿ, ಗುಂಡಿ ಹಚ್ಚಿ ಮಡಿಸುತ್ತಿದ್ದಳು. ಓಣಿಯ ಇನ್ನೂ ಎರಡು ಮೂರು ಮನೆಗಳಲ್ಲಿ ಹೀಗೆಯೇ ನಡೆದಿತ್ತು. ಮೋಟಾರು ಇದ್ದವರು ಇಲ್ಲದವರದ್ದನ್ನು ಹೊಲಿದು ಕೊಡುತ್ತಿದ್ದರು. ಯಾರಿಗೂ ಅದು ಹೇಳಬೇಕಾದ ಸಂಗತಿ ಅನ್ನಿಸಲಿಲ್ಲ.

ಹುಡುಗಿ ಕಾಜಾಳ ಮನೆಯಲ್ಲಿ ಕೇಳಿದಾಗ ಕಾಜಾ ತನ್ನ ಅಂಗಿಗಳನ್ನಷ್ಟೇ ಹೇಳಿದಳು. ದೊಡ್ಡಮ್ಮನದ್ದು ದೊಡ್ಡಮ್ಮನದ್ದು. ಅದನ್ನು ನನ್ನದು ಅನ್ನಲಿಕ್ಕೆ ನಾನೇನು ಕಳ್ಳಿಯೇ ಎಂಬುದು ಅವಳ ನ್ಯಾಯ.

ಮೂರನೇ ಸಲವೂ ಹಾಗೆಯೇ ಮುಗಿಯಿತು. ಹುಡುಗಿ ಲೆಕ್ಕ ಕೂಡಿಸಿದಳು, ಬರೆದಳು. ಪರೀಕ್ಷಕರು ಒಂದು ಗಂಟೆ ನಿಲ್ಲಿಸಿ ಕೇಳಿದರಂತೆ, ಕಡೆಗೆ ಕೈ ಕುಲುಕಿದರಂತೆ. ಅಧ್ಯಯನದ ಒಂದು ಪ್ರತಿ ಸಂಸ್ಥೆಗೂ ಹೋಯಿತು.

ಪದವಿ ಕೊಡುವ ದಿನದ ಹಿಂದಿನ ಮಧ್ಯಾಹ್ನ ಹುಡುಗಿ ಬಂದಳು. ಬಾಡಿಗೆಗೆ ತಂದ ಕರೀ ನಿಲುವಂಗಿ ಕೈಯಲ್ಲಿತ್ತು.

"ನಾಳೆ ಪದವಿ ಕೊಡ್ತಾರೆ ದೊಡ್ಡಮ್ಮ."

ದೊಡ್ಡಮ್ಮ ಅವಳ ಎರಡೂ ಕೆನ್ನೆ ಹಿಡಿದುಕೊಂಡಳು. ಹುಡುಗಿ ಆ ಕೈಗಳನ್ನು ಬಿಡಿಸಿ ಹಿಡಿದುಕೊಂಡಳು.

"ಒಂದು ಮಾತು. ಇನ್ನುಳಿದವರಿಗೆ ಮೋಟಾರು ಕೊಡಲ್ವಂತೆ. ಇದ್ದವರಿಗೂ ಇಲ್ಲದವರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ನಾನು ಕಂಡಿದ್ದನ್ನ ಬರೆದೆ. ಅವರು ಆ ಹಣನ ಬೇರೆ ಕಡೆ ಹಾಕ್ತಾರಂತೆ."

ಎದುರು ಬಾಗಿಲಿಂದ ಕಾಜಾ ಏನೋ ಹೇಳಲು ಬಾಯಿ ತೆರೆದಳು. ದೊಡ್ಡಮ್ಮ ಕಣ್ಣಲ್ಲೇ ಗದರಿಸಿದಳು.

"ಹೋಗ್ಲಿ ಬಿಡು. ಅದೇನೇ ಅದು, ಕರೀ ಬಟ್ಟೆ?"

"ನಾಳೆ ಹಾಕ್ಕೋಬೇಕು. ಉದ್ದ ಜಾಸ್ತಿ, ಕಾಲಿಗೆ ತೊಡರುತ್ತೆ. ಕೆಳಗೆ ಮಡಿಚಿ ಒಂದು ಹೊಲಿಗೆ ಹಾಕಿಕೊಡ್ತೀಯಾ? ನಿನ್ನ ಕೈಯಲ್ಲೇ ಆಗಲಿ ಅಂತ ತಂದೆ."

ಬೇಡ ಅನ್ನಲು ದೊಡ್ಡಮ್ಮನಿಗೆ ನೆಪ ಸಿಗಲಿಲ್ಲ. ಮಿಷನ್ನಿನ ಮೇಲಿನ ಬಟ್ಟೆ ಸರಿಸಿದಳು. ಕೂತಳು. ನಿಲುವಂಗಿಯ ಅಂಚನ್ನು ಸೂಜಿಯ ಕೆಳಗಿಟ್ಟು, ಚಕ್ರಕ್ಕೆ ಕೈ ಹಚ್ಚಿ, ಕಾಲು ಒತ್ತಿದಳು. ಚಕ್ರ ಅರ್ಧ ಸುತ್ತಿ ಹಿಂದಕ್ಕೆ ಬಂತು. ಮತ್ತೆ ಒತ್ತಿದಳು. ಮುಖದ ಮೇಲೆ ಬೆವರು ಕಿತ್ತುಕೊಂಡು ಬಂತು. ಕಾಲು ಏಳಲಿಲ್ಲ.

ಹುಡುಗಿ ನೆಲಕ್ಕೆ ಕೂತು ಸೀರೆ ಸರಿಸಿ ಮಂಡಿ ನೋಡಿದಳು. ಆಮೇಲೆ ತುಳಿಯುವ ಕಬ್ಬಿಣದ ಹಲಗೆ ನೋಡಿದಳು. ಅದರ ಮೇಲೆ ತುಕ್ಕು ಹಿಡಿದಿತ್ತು.

"ಆ ಅಂಗಿಗಳನ್ನೆಲ್ಲ ಯಾರು ಹೊಲಿದ್ರು?"

ದೊಡ್ಡಮ್ಮ ಸೀರೆಯನ್ನು ಮಂಡಿಯ ಮೇಲೆ ಎಳೆದುಕೊಂಡಳು. ಕಾಜಾ ತನ್ನ ಬಾಗಿಲಲ್ಲಿ ತಲೆ ತಗ್ಗಿಸಿದಳು.

"ಯಾಕೆ ಹೇಳಲಿಲ್ಲ ದೊಡ್ಡಮ್ಮ? ಕೇಳಿದ್ನಲ್ಲ. ಮೂರು ಸಲ ಕೇಳಿದ್ನಲ್ಲ."

"ನೋವು ಅಂದಾಗ ನಿನ್ನ ಮುಖ ಬಾಡಿತ್ತು. ನಿನಗೆ ನಂಬರ್ ಹೋಗುತ್ತೆ ಅಂತ..."

ಹುಡುಗಿ ಎದ್ದು ನಿಂತಳು. "ನಾಳೆ ಹೋಗಲ್ಲ. ಮೇಷ್ಟ್ರಿಗೆ ಹೇಳ್ತೀನಿ. ನಾನು ಬರೆದಿದ್ದು ಸರಿಯಿಲ್ಲ."

"ಹೇಳಿದ್ರೆ?"

"ಅಧ್ಯಯನ ಮತ್ತೆ ಮೊದಲಿಂದ. ಇನ್ನೊಂದು ವರ್ಷ. ಗೋದಾಮಿನವರು ಅಷ್ಟು ದಿನ ಇಟ್ಕೋತಾರೋ ಇಲ್ವೋ."

ದೊಡ್ಡಮ್ಮ ನಿಲುವಂಗಿಯನ್ನು ಮಿಷನ್ನಿನಿಂದ ಬಿಡಿಸಿ ಮಡಿಲಿಗೆ ಎಳೆದುಕೊಂಡಳು. ಕೈಸೂಜಿಗೆ ಕರೀ ದಾರ ಪೋಣಿಸಿದಳು. "ನಾನು ಕಾಲು ಕಳ್ಕೊಂಡಿದ್ದು ನೀನು ಹೋಗದೆ ಇರೋಕಲ್ಲ. ಹೋಗ್ತೀಯ" ಎಂದಳು. ಆ ಸ್ವರದಲ್ಲಿ ಅವಳು ಹುಡುಗಿಯನ್ನು ಚಿಕ್ಕಂದಿನಲ್ಲೂ ಗದರಿರಲಿಲ್ಲ.

ಹುಡುಗಿ ಹೋದಳು. ಮೇಷ್ಟ್ರಿಗೆ ಏನೂ ಹೇಳಲಿಲ್ಲ. ಒಳ್ಳೆಯ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಒಂದು ಮೋಟಾರು ತಂದು ಹಾಕಿದಳು. ಅಷ್ಟು ಹೊತ್ತಿಗೆ ದೊಡ್ಡಮ್ಮನಿಗೆ ಕಾಲು ಇಳಿಬಿಟ್ಟು ಮಿಷನ್ನಿನ ಮುಂದೆ ಕೂರುವುದೇ ಆಗುತ್ತಿರಲಿಲ್ಲ. ಮಂಚದ ಮೇಲೆ ಕಾಲು ಚಾಚಿಕೊಂಡು ಗುಂಡಿ ಹಚ್ಚುತ್ತಿದ್ದಳು. ಹುಡುಗಿ ಬಂದರೆ ಇಬ್ಬರೂ ಬೇರೆ ಏನಾದರೂ ಮಾತಾಡುತ್ತಿದ್ದರು.

ಚೀಟಿಯಲ್ಲಿ ಮೋಟಾರು ಬಾರದವರಲ್ಲಿ ಮೂಲೆಮನೆಯವಳೂ ಒಬ್ಬಳು. ದೊಡ್ಡಮ್ಮನಿಗಿಂತ ಚಿಕ್ಕವಳು. ಅವಳ ಹೊಲಿಗೆಯನ್ನು ಹಂಚಿಕೊಳ್ಳುವ ಎದುರುಮನೆಯವರು ಯಾರೂ ಇರಲಿಲ್ಲ. ಒಂದು ದಿನ ಕಟ್ಟು ಹೊತ್ತು ಹೋಗುತ್ತಾ ಕಿಟಕಿಯ ಹತ್ತಿರ ನಿಂತಳು. ಸೊಂಟದ ಮೇಲೆ ಕೈ ಇತ್ತು, ಬಲಗಾಲನ್ನು ಸ್ವಲ್ಪ ಎಳೆಯುತ್ತಿದ್ದಳು.

"ದೊಡ್ಡಮ್ಮ, ನಿಮ್ಮ ಹುಡುಗಿ ಓದೆಲ್ಲ ಮುಗೀತಲ್ಲ. ನಮ್ಮ ಮೋಟಾರು ಯಾವಾಗ ಬರುತ್ತಂತೆ? ಏನಾದರೂ ಹೇಳಿದ್ಳಾ?"

ದೊಡ್ಡಮ್ಮ ಅವಳ ಕಾಲಿನ ಕಡೆಗೆ ನೋಡಿದಳು. ಮುಚ್ಚಿಟ್ಟ ತನ್ನ ಮಿಷನ್ನಿನ ಕಡೆಗೂ ಒಮ್ಮೆ ನೋಡಿದಳು.

"ಒಳಗೆ ಬಾ. ನಂದನ್ನ ಬಿಚ್ಚಿಕೊಂಡು ಹೋಗು" ಎಂದಳು.

"ಅಯ್ಯೋ, ನಿಮ್ಮದು ನನಗ್ಯಾಕೆ? ನಮ್ಮದು ಬರೋವರೆಗೂ ಕಾಯ್ತೀನಿ ಬಿಡಿ" ಎಂದು ನಕ್ಕು ಅವಳು ಕಟ್ಟನ್ನು ಇನ್ನೊಂದು ಭುಜಕ್ಕೆ ಬದಲಿಸಿಕೊಂಡು ಹೊರಟಳು.

ಬರುವುದಿಲ್ಲ ಎಂದು ದೊಡ್ಡಮ್ಮ ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಮೂಲೆಮನೆಯಿಂದ ಮಿಷನ್ನು ತುಳಿಯುವ ಸದ್ದು ಕೇಳಿಸಿತು, ನಿಂತು ನಿಂತು.