ಫೋಲ್ಡರ್ ವೇಷದ ವೈರಸ್ಸೂ ಕಹಕಶಾನಳ ಅಂಗಡಿಯೂ

ಎರಡು ಸಾವಿರದ ಎಂಟರ ಸುಮಾರಿಗೆ ಶಿಡ್ಲಘಟ್ಟದ ಆ ಬೀದಿಯ ಅಂಗಡಿಗಳಿಗೆಲ್ಲ ಸೇರಿ ಇದ್ದದ್ದು ಒಂದೇ ಪೆನ್‌ಡ್ರೈವ್. ರಾಮಲಕ್ಷ್ಮಮ್ಮನ ಜೆರಾಕ್ಸ್ ಅಂಗಡಿಯ ಮೊಳೆಗೆ ದಾರ ಕಟ್ಟಿ ಅದನ್ನು ನೇತುಹಾಕುತ್ತಿದ್ದರು. ಸ್ಟುಡಿಯೋದ ಚನ್ನಕೇಶವ ಅದರಲ್ಲಿ ಫೋಟೋ ತುಂಬಿ ಕಳಿಸಿದರೆ, ಡಿಟಿಪಿ ಅಂಗಡಿಯ ಕಹಕಶಾನ್ ಅದನ್ನು ಮದುವೆ ಕಾರ್ಡಿಗೆ ಕೂರಿಸುವಳು. ಕೆಲಸ ಮುಗಿದರೆ ಪೆನ್‌ಡ್ರೈವ್ ಮತ್ತೆ ಮೊಳೆಗೆ.

ಒಂದು ದಿನ ಅದರ ಪ್ರತಿ ಫೋಲ್ಡರಿನೊಳಗೂ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಹುಟ್ಟಿಕೊಂಡಿತು. ಅಯ್ಯೋ, ಫೋಲ್ಡರ್ ಎಲ್ಲಿ ಬಂತು, ಹಳದಿ ಚಿತ್ರದ ವೇಷ ಹಾಕಿದ ವೈರಸ್ ಅದು! ತೆರೆಯೋಣವೆಂದು ಕ್ಲಿಕ್ ಮಾಡಿದವರೇ ಅದನ್ನು ಎಬ್ಬಿಸಿ ಬಿಡುತ್ತಿದ್ದರು. ಅಳಿಸಿದರೆ ಮತ್ತೆ ಹುಟ್ಟುವುದು. ಕಂಪ್ಯೂಟರಿನ ಒಳಗೆ ಓಡುತ್ತಿರುವುದು ಏನೆಂದು ನೋಡಿ ನಿಲ್ಲಿಸಹೋದರೆ, ‘ಅಡ್ಮಿನಿಸ್ಟ್ರೇಟರ್’ ಎಂಬ ಯಜಮಾನರು ಅದನ್ನು ತಡೆದಿದ್ದಾರೆಂಬ ಸಂದೇಶ ಪರದೆಯ ಮೇಲೆ ಬರುವುದು.

"ಯಾವನಪ್ಪ ಅವ್ನು ಯಜಮಾನ? ಕಂಪ್ಯೂಟರ್ ನಂದು!" ಎಂದು ಕಹಕಶಾನ್ ಮೇಜು ಕುಟ್ಟಿದಳು.

ಅಷ್ಟರಲ್ಲಿ ಚನ್ನಕೇಶವ ಬೀದಿಗೆಲ್ಲ ಸಾರಿಬಿಟ್ಟಿದ್ದ: ರೋಗ ಶುರುವಾದದ್ದೇ ಅವಳ ಅಂಗಡಿಯಲ್ಲಿ, ಅಲ್ಲಿಗೆ ಯಾರೂ ಹೋಗಬೇಡಿ. ಗಿರಾಕಿಗಳು ಬರುವುದೇ ನಿಂತುಹೋಯಿತು. ಗಂಡನ ಮನೆ ಸಾಕೆಂದು ಹೊರಟು ಬಂದವಳು ತನ್ನ ಕಾಲ ಮೇಲೆ ತಾನು ನಿಂತದ್ದು ಆ ಅಂಗಡಿಯಲ್ಲಿ. ಅದನ್ನು ಸುಮ್ಮನೆ ಬಿಟ್ಟುಕೊಡುವ ಹೆಂಗಸಲ್ಲ ಅವಳು.

ಪೊಟ್ಟಣ ಒಡೆಯದ ಹೊಸ ಪೆನ್‌ಡ್ರೈವ್ ಹಿಡಿದು ನೆಟ್ಟಗೆ ಸ್ಟುಡಿಯೋಗೆ ನಡೆದಳು. "ಅಣ್ಣ, ಇದನ್ನ ನಿಮ್ಮ ಕಂಪ್ಯೂಟರ್‌ಗೆ ಹಾಕಿ."

"ನಮ್ದ್ರಲ್ಲಿ ಏನೂ ಇಲ್ಲ ಕಣಮ್ಮ. ಆಯುಧಪೂಜೆಯಲ್ಲಿ ನಿಂಬೆಹಣ್ಣು ಕಟ್ಟಿದೀನಲ್ಲ!"

"ಇಲ್ದೆ ಇದ್ರೆ ಭಯ ಯಾಕಣ್ಣ?"

ಬಾಗಿಲಲ್ಲಿ ಜನ ಸೇರಿದ್ದರು. ಅವನು ಒಲ್ಲದ ಮನಸ್ಸಿನಿಂದ ಚುಚ್ಚಿದ. ನೋಡನೋಡುತ್ತಲೇ ಖಾಲಿ ಪೆನ್‌ಡ್ರೈವಿನಲ್ಲಿ ಹಳದಿ ಫೋಲ್ಡರ್ ಬಂದು ಕೂತಿತು. ಚನ್ನಕೇಶವನ ಮುಖ ಸಪ್ಪಗಾಯಿತು.

"ನಂದ್ರಲ್ಲೂ ಐತೆ," ಅಂದಳು ಕಹಕಶಾನ್, ಎಲ್ಲರಿಗೂ ಕೇಳುವ ಹಾಗೆ. "ಯಾರಿಂದ ಶುರುವಾಯ್ತೋ ಗೊತ್ತಿಲ್ಲ. ಆ ಮೊಳೆಯಿಂದ ಎಲ್ರಿಗೂ ಹತ್ತೈತೆ. ನನ್ನೊಬ್ಬಳ ತಲೆಗೆ ಕಟ್ಟಿದ್ರೆ ಸುಮ್ನಿರಲ್ಲ."

ಅವತ್ತೇ ತನ್ನ ಕಂಪ್ಯೂಟರನ್ನು ಅಂಗಡಿಯ ಮುಂಬಾಗಿಲಿಗೆ ಎಳೆದು, ಬೀದಿಯವರ ಎದುರಿಗೇ ಪೂರ್ತಿ ಅಳಿಸಿದಳು. ಅವಳು ಕೂತು ಮಾಡಿದ್ದ ಕಾರ್ಡಿನ ಡಿಸೈನುಗಳೆಲ್ಲ ಹೋದವು. ಕಣ್ಣು ತುಂಬಿತು, ಕೈ ಮಾತ್ರ ನಿಲ್ಲಲಿಲ್ಲ. ವಿಂಡೋಸ್ ಹೊಸದಾಗಿ ಹಾಕಿ, ಮೊಳೆಯ ಪೆನ್‌ಡ್ರೈವ್ ಬಿಚ್ಚಿಸಿ, ಮತ್ತೆ ಕೆಲಸಕ್ಕೆ ಕೂತಳು. ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬಂದರು.

ಒಂದು ಸಂಜೆ ಚನ್ನಕೇಶವ ಹಿಂಬಾಗಿಲಿಗೆ ಬಂದ. ಸೊಂಟದ ಮೇಲೆ ಸಿಪಿಯು, ಅದರ ಮೇಲೆ ಟವೆಲ್.

"ಇದನ್ನೂ ಕ್ಲೀನ್ ಮಾಡ್ಕೊಡಮ್ಮ. ಯಾರ್ಗೂ ಹೇಳ್ಬೇಡ."

"ಮಾಡ್ಕೊಡ್ತೀನಣ್ಣ. ನಾಳೆ ಮಧ್ಯಾಹ್ನ ಮುಂದಿನ ಬಾಗಿಲಿಂದ ತಗೊಂಬನ್ನಿ. ಟವೆಲ್ ಬೇಡ."

ಮಾರನೆಯ ಮಧ್ಯಾಹ್ನ, ಇಡೀ ಬೀದಿ ನೋಡುತ್ತಿರುವಾಗ, ಅವನು ಟವೆಲ್ಲಿಲ್ಲದ ಸಿಪಿಯು ಹೊತ್ತು ರಸ್ತೆ ದಾಟಿದ. ಕಹಕಶಾನ್ ಮೇಜು ಒರೆಸಿ ಜಾಗ ಮಾಡಿಕೊಟ್ಟಳು.